ಅಳಿಸದೇ ಉಳಿದ ಮುಖ

"ಕತ್ತರಿ ಹಾಕಿಲ್ಲ ತಾನೇ ರಾಜು? ಅಂಗೇ ಕೊಟ್ಬುಡಪ್ಪ. ನಮ್ಮನೆಯವ್ರು ನಿನ್ ತಾವ ಹೊಲಿಸ್‌ಬ್ಯಾಡ ಅಂತವ್ರೆ."

ಚಿಕ್ಕಹನುಮಕ್ಕ ರವಿಕೆ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು ತಿರುಗಿದಳು. ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಉಟ್ಟಿದ್ದು ಬಿಳಿ ಪಂಚೆ, ತೊಟ್ಟಿದ್ದು ಗಂಡಸರ ಅಂಗಿ! ಚಿಕ್ಕಹನುಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಬಿರಬಿರನೆ ನಡೆದಳು.

ಬಂದವಳು ಸಂಘಮಿತ್ರಾ, ಹೊಳವನಹಳ್ಳಿಯ ಚಿತ್ರಕಲಾ ಶಿಕ್ಷಕಿ. ಮೂರು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಜನರ ನೋಟ ನುಂಗಿಕೊಂಡು ಕೊಡಿಗೇನಹಳ್ಳಿಗೆ ಬಂದಿದ್ದಳು.

ಎಂಟು ತಿಂಗಳು ಮೊಬೈಲಿನಲ್ಲೇ ಜೊತೆಯಾಗಿ ಚಿತ್ರ ಮಾಡಿದ ನರಸಿಂಹರಾಜುವನ್ನು ಅವಳು ಎದುರಿಗೆ ಕಂಡದ್ದು ಇದೇ ಮೊದಲು. ಅವನು ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಿದ. ಅದೇ ಮುಖ... ಫೋಟೋದಲ್ಲಿದ್ದ ನಗು ಮಾತ್ರ ಇರಲಿಲ್ಲ.

"ಇನ್ನೇನು ಉಳಿದೈತೆ ಅಂತ ಬಂದ್ರಿ ಟೀಚರ್?"

ಆನ್‌ಲೈನ್ ಶಿಬಿರವೊಂದು ಅವರನ್ನು ಜೊತೆ ಮಾಡಿತ್ತು. ತೊಡುವ ಆಸೆಯಿದ್ದೂ ತೊಡಲಾಗದ ಬಟ್ಟೆ ಯಾವುದು? ಅದೇ ವಿಷಯ. ಅವಳು ಅಪ್ಪನ ಪಂಚೆ, ಅಂಗಿಯ ಫೋಟೋ ಕಳಿಸಿದಳು. ಅವನು ತೀರಿಹೋದ ಅಮ್ಮನ ಹಸಿರು ಸೀರೆ ಉಟ್ಟು ನಿಂತ ತನ್ನ ಫೋಟೋವನ್ನೇ ಕಳಿಸಿದ. ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಅಂಟಿಸುತ್ತಾ, ಶಾಲೆಯ ಯೂನಿಫಾರ್ಮು, ಮದುವೆ ಜಾಹೀರಾತು, ಶೌಚಾಲಯದ ಬೋರ್ಡು ಎಲ್ಲವನ್ನೂ ಒಂದೇ ಚಿತ್ರದಲ್ಲಿ ಪದರದ ಮೇಲೆ ಪದರವಾಗಿ ಸೇರಿಸಿದ್ದರು.

"ನನ್ನ ಮುಖ ಮಾತ್ರ ಅಳಿಸಿಬುಡಿ ಟೀಚರ್. ನಾನು ಹೆಂಗಸ್ರ ರವಿಕೆ ಹೊಲ್ದು ಬದುಕೋನು" ಎಂದು ಅವನು ಕೇಳಿಕೊಂಡಿದ್ದ.

ಅವಳು ಹೂಂ ಎಂದಿದ್ದಳು. ಆದರೆ ಅಳಿಸಿರಲಿಲ್ಲ. ಅವನ ಮುಖವಿದ್ದ ಪದರವನ್ನು ಕಾಣದಂತೆ ಮುಚ್ಚಿಟ್ಟು, ಬಹುಮಾನವಿದ್ದ ತುಮಕೂರಿನ ಪ್ರದರ್ಶನಕ್ಕೆ ಮೂಲ ಫೈಲನ್ನೇ ಕಳಿಸಿದ್ದಳು. ಪ್ರಿಂಟ್ ಹಾಕಿದವರು ಎಲ್ಲ ಪದರಗಳನ್ನೂ ತೆರೆದುಬಿಟ್ಟರು. ಸೀರೆ ಉಟ್ಟ ರಾಜು ಗೋಡೆಯ ಮೇಲೆ ಆಳೆತ್ತರಕ್ಕೆ ನಿಂತ. ಆಮೇಲೆ ಕೇಳಬೇಕೆ? ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲೂ ಅವನೇ.

"ಬೇಕಂತ ಮಾಡಿದ್ದಲ್ಲ ರಾಜು..."

"ಬೇಕಂತ ಮಾಡಿದ್ರೂ ಅಷ್ಟೇ, ಮಾಡ್ದಿದ್ರೂ ಅಷ್ಟೇ. ಈಗ ಹೋಯ್ತಲ್ಲ, ಅದೇ ಕೊನೇ ಬಟ್ಟೆ. ನಾಳೆ ಅಂಗಡಿ ಖಾಲಿ ಮಾಡ್ತೀನಿ." ಅವನು ಕತ್ತರಿಯನ್ನು ಪಕ್ಕಕ್ಕೆ ತಳ್ಳಿದ. "ಒಂದೇ ಒಂದು ಕೇಳ್ತೀನಿ. ಅಳಿಸಿ ಅಂದಿದ್ದೆ. ಯಾಕೆ ಅಳಿಸ್ಲಿಲ್ಲ? ಬಹುಮಾನ ಬರ್ಲಿ ಅಂತಾನಾ?"

ಸಂಘಮಿತ್ರಾ ಒಂದು ಹೆಜ್ಜೆ ಒಳಗೆ ಬಂದಳು. ಹೇಳಿದರೆ ನಂಬುತ್ತಾನಾ? ನಂಬಿದರೂ ಅವನ ಬದುಕು ವಾಪಸ್ ಬರುತ್ತದಾ?

"ಅಳಿಸೋಕೆ ಕೈ ಬರ್ಲಿಲ್ಲ. ದಿನಾ ಸ್ಕೂಲ್ ಬಿಟ್ಮೇಲೆ ಆ ಪದರ ತೆರೆದು ನಿಮ್ಮನ್ನ ನೋಡ್ತಿದ್ದೆ. ಆ ಸೀರೇಲಿ ನೀವು ನಗ್ತಿದ್ರಿ... ನನಗೆ ನೀವಂದ್ರೆ ಪ್ರೀತಿ ರಾಜು. ನನ್ನ ಆಸೆಗೆ ನಿಮ್ಮ ಬದುಕು ಹಾಳಾಯ್ತು."

ಅವನ ಕಣ್ಣು ಅವಳ ಪಂಚೆಯ ಅಂಚಿನಲ್ಲೇ ಇತ್ತು.

"ಇಂಗೆ ಹೊರಟಿದ್ದಕ್ಕೆ ನಿಮ್ಮಪ್ಪ ಏನಂದ್ರು?"

"ಈ ಬಟ್ಟೇಲಿ ಹೊಸಿಲು ದಾಟಿದ್ರೆ ತಿರುಗಿ ಬರ್ಬೇಡ ಅಂದ್ರು. ನಿಮ್ಮೊಬ್ಬರ ಮುಖಾನೇ ಬಯಲಿಗೆ ಬಿಟ್ಟು ನಾನು ಮುಚ್ಕೊಂಡಿರೋಕೆ ಆಗ್ಲಿಲ್ಲ. ದಾಟ್ಬುಟ್ಟೆ."

ರಾಜು ಎದ್ದು ಬಂದ. ಕೊರಳಲ್ಲಿದ್ದ ಟೇಪು ತೆಗೆದು ಅವಳ ಭುಜದ ಮೇಲಿಟ್ಟ.

"ಅಂಗಿ ಭುಜ ಇಳಿದೈತೆ. ಒಂದಿಂಚು ಒಳಕ್ಕೆ ಹಿಡೀಬೇಕು."

"ನಾಳೆ ಅಂಗಡಿ ಮುಚ್ತೀನಿ ಅಂದ್ರಿ..."

"ಇವತ್ತು ತೆಗ್ದೈತಲ್ಲ. ಇನ್ಮೇಲೆ ದಿನಾ ಹಾಕ್ಕೊಳೋ ಅಂಗಿ, ಅಳತೆ ಸರಿಯಿರ್ಬೇಕು ಮಿತ್ರಾ."

ಟೀಚರ್ ಅನ್ನಲಿಲ್ಲ ಅವನು! ಅವಳ ಕಣ್ಣು ತುಂಬಿ ಬಂತು.

"ಕ್ಷಮಿಸೋಕೆ ಇನ್ನೂ ಆಗ್ತಿಲ್ಲ," ಎಂದ, ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾ. "ಆದ್ರೆ ಆ ಫೋಟೋ ಶಿಬಿರಕ್ಕಂತ ತೆಗೆದಿದ್ದಲ್ಲ, ನಿಮಗಂತ ತೆಗೆದಿದ್ದು. ಬೇರೆ ಯಾರ ಮುಂದೇನೂ ನಾನಂಗೆ ನಕ್ಕಿಲ್ಲ... ಇನ್ನೂ ಐತಾ ಫೋನಲ್ಲಿ?"

"ಇದೆ."

"ಇರ್ಲಿ ಬುಡಿ. ಅಳಿಸ್ಬೇಡಿ."