ದುಗ್ಗಮ್ಮನ ಹಕ್ಕಲು

ನೆಮ್ಮಾರಿನ ಹತ್ತಿರ ನಮ್ಮದೊಂದು ಖಾಲಿ ಜಾಗವಿದೆ. ಅದಕ್ಕೆ ದುಗ್ಗಮ್ಮನ ಹಕ್ಕಲು ಎನ್ನುತ್ತಾರೆ. ದುಗ್ಗಮ್ಮ ಅಲ್ಲಿ ಗೇಣಿಗಿದ್ದವಳು. ಒಲೆಯ ಮೇಲೆ ಗಂಜಿ ಬೇಯುತ್ತಿರುವಾಗಲೇ ನಮ್ಮಜ್ಜ ಅವಳನ್ನು ಒಕ್ಕಲೆಬ್ಬಿಸಿದರಂತೆ. ಈಗ ಅವಳ ಮೊಮ್ಮಕ್ಕಳು ಜಾಗ ಕೇಳುತ್ತಿದ್ದಾರೆ. ಮನೆಯಿದ್ದ ಗುರುತೇ ಉಳಿಯಬಾರದೆಂದು ಮೊನ್ನೆ ಜೆಸಿಬಿ ತರಿಸಿದೆ.

"ಇಲ್ಲಿ ಮನೆ ಗಿನೆ ಇತ್ತಾ ಗೌಡ್ರೆ?" ಡ್ರೈವರ್ ಸುಕೇಶ ಕೇಳಿದ.

"ಎಂತ ಮನೇನೂ ಇರ್ಲಿಲ್ಲ ಮಾರಾಯ. ಜಾಗಕ್ಕೊಂದು ಹೆಸರು, ಅಷ್ಟೆ."

ಮಧ್ಯಾಹ್ನ ಮಣ್ಣಿನಡಿಯಿಂದ ಮೂರು ಒಲೆಗಲ್ಲುಗಳು ಎದ್ದವು. ಎತ್ತಿ ಎಸೆಯಲು ಹೋದ ಸುಕೇಶ ಕೈ ಕೊಡವಿಕೊಂಡ. ನಾನೂ ಮುಟ್ಟಿ ನೋಡಿದೆ, ಸುಡುತ್ತಿತ್ತು. ಬಿಸಿಲಿಗೆ ಕಾದಿದೆ ಎನ್ನೋಣವೆಂದರೆ ಅವತ್ತು ಮೋಡ. ಸುತ್ತಲಿನ ಮಣ್ಣು ತಣ್ಣಗಿತ್ತು. ಸುಕೇಶ ನನ್ನ ಮುಖ ನೋಡಿ, ಗಾಡಿ ತಿರುಗಿಸಿಕೊಂಡು ಹೋದ.

ಒಲೆಗೆ ನೀರು ಹೊಯ್ಯಬಾರದು, ಗೊತ್ತು. ಆದರೂ ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದೆ. ಚುಂಯ್ ಎಂದು ಹಬೆ ಎದ್ದಿತು. ಅದರಲ್ಲಿ ಗಂಜಿಯ ವಾಸನೆಯಿತ್ತು.

ಮನೆಗೆ ಬಂದು ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟು ಊಟಕ್ಕೆ ಕೂತೆ. ಬಡಿಸಲು ಬಗ್ಗಿದ ಹೆಂಡತಿ ಸುಮಿತ್ರ ಮೂಗರಳಿಸಿ ನಿಂತಳು.

"ಯಾರ ಮನೇಲಿ ಗಂಜಿ ಉಂಡ್ಕಂಡು ಬಂದ್ರಿ?"

ಆಮೇಲೆ ನಾನು ಹಕ್ಕಲಿನ ಕಡೆ ಕಾಲೇ ಹಾಕಿಲ್ಲ. ಊಟಕ್ಕೆ ಕೂತಾಗಲೆಲ್ಲ ಅವಳು ಅದನ್ನೇ ಕೇಳುತ್ತಾಳೆ.