ಬದಲಿ ಡಾಕ್ಟರು ಕಾಣೆ

1978ನೇ ಇಸವಿ ಜುಲೈ ಹದಿಮೂರು, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಕಡಬ ಠಾಣೆಗೆ ಬಂದ ದೂರಿನಂಥದ್ದನ್ನು ಸಬ್ ಇನ್ಸ್‌ಪೆಕ್ಟರ್ ರಾಧಾಕೃಷ್ಣ ರೈಗಳು ತಮ್ಮ ಸರ್ವಿಸಿನಲ್ಲೇ ಕೇಳಿರಲಿಲ್ಲ. ದನ ಕಾಣೆ ಎಂದು ಜನ ಬರುತ್ತಿದ್ದರು. ಗಂಡ ಕಾಣೆ ಎಂದೂ ಬರುತ್ತಿದ್ದರು, ಅವರಲ್ಲಿ ಕೆಲವರಿಗೆ ದನ ಕಳೆದುಕೊಂಡವರಷ್ಟು ಆತುರ ಇರುತ್ತಿರಲಿಲ್ಲ. ಆದರೆ ತನ್ನ ಕುರ್ಚಿಗೆ ಬಂದು ಕೂರಬೇಕಾದವನು ಕಾಣೆ ಎಂದು ದೂರು ಕೊಟ್ಟವರು ಇದುವರೆಗೆ ಯಾರೂ ಇರಲಿಲ್ಲ.

ದೂರು ಕೊಟ್ಟವರು ಪಿಲಿಕಜೆ ಸರಕಾರಿ ಆಸ್ಪತ್ರೆಯ ಡಾಕ್ಟರ್ ಕುಮುದಿನಿ. ಠಾಣೆಗೆ ಅವರು ಹೊಸಬರಲ್ಲ. ಹೊಳೆಯಲ್ಲಿ ತೇಲಿ ಬಂದ ಹೆಣವಾಗಲಿ, ಮರದಿಂದ ಬಿದ್ದವನ ಹೆಣವಾಗಲಿ, ಪೋಸ್ಟ್‌ಮಾರ್ಟಂ ಮಾಡಿಕೊಡುತ್ತಿದ್ದವರು ಅವರೇ. ಹಗಲಿಡೀ ರೋಗಿಗಳು, ರಾತ್ರಿ ಹೆರಿಗೆ, ನಡುವೆ ಪೊಲೀಸರ ಹೆಣ. ನಾಲ್ಕು ವರ್ಷಗಳಿಂದ ಆ ಆಸ್ಪತ್ರೆಯಲ್ಲಿ ಅವರೊಬ್ಬರೇ ಡಾಕ್ಟರು.

"ಕೂತ್ಕೊಳ್ಳಿ ಡಾಕ್ಟ್ರೆ. ಎಂತ ಕಾಣೆ?"

"ಎಂತ ಅಲ್ಲ, ಯಾರು ಅಂತ ಕೇಳಿ. ನನ್ನ ಬದಲಿ, ಡಾಕ್ಟರ್ ಉದಯಶಂಕರ. ಮಂಗಳವಾರ ಬೆಳಗ್ಗಿನ ಬಸ್ಸಿಗೆ ಬಂದು ಚಾರ್ಜ್ ತೆಗೊಳ್ಳಬೇಕಿತ್ತು. ಮೇಲಿನ ಕಚೇರಿಗೆ ಫೋನ್ ಮಾಡಿಸಿದೆ, ಕಳಿಸಿ ಆಗಿದೆ ಅಂತಾರೆ. ಮನೆಗೆ ತಂತಿ ಕೊಟ್ಟೆ, ಹೊರಟು ಆಗಿದೆ ಅಂತಾರೆ."

"ಹುಡುಗರಲ್ವಾ? ಯಾವುದೋ ನೆಂಟರ ಮನೆ ಹೊಕ್ಕಿರಬಹುದು. ಎರಡು ದಿನ ತಡವಾದ್ರೆ ಎಂತ ಆಗ್ತದೆ?"

ಕುಮುದಿನಿ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಶನಿವಾರ ಸಂಜೆ ಐದರೊಳಗೆ ನಾನು ಘಟ್ಟದ ಮೇಲಿನ ಕಾಲೇಜಿನಲ್ಲಿ ಇರಬೇಕು. ಹೆರಿಗೆ ವಿಭಾಗದ ಎಂ.ಡಿ. ಸೀಟು. ಬದಲಿ ಬಾರದೆ ನಾನು ಇಲ್ಲಿಂದ ಕದಲುವ ಹಾಗಿಲ್ಲ. ಮೊದಲ ಸಲ ಸೀಟು ಸಿಕ್ಕಿದಾಗ ಬದಲಿಯೇ ಇರಲಿಲ್ಲ. ಮತ್ತಿನ ಸಲ ಬದಲಿಗೆ ಆರ್ಡರ್ ಆಯ್ತು. ಊರವರು ದೊಡ್ಡವರ ಹತ್ರ ಹೋಗಿ ಅದನ್ನು ಕ್ಯಾನ್ಸಲ್ ಮಾಡಿಸಿ, ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ರು. ಈ ಸಲ ತಪ್ಪಿದ್ರೆ ವಯಸ್ಸು ದಾಟ್ತದೆ. ಮತ್ತೆ ಇಲ್ಲ."

ಆ ಸನ್ಮಾನದ ದಿನ ರೈಗಳೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು. ಪಾಯಸ ಚೆನ್ನಾಗಿತ್ತು ಎಂಬುದಷ್ಟೇ ಅವರಿಗೆ ನೆನಪಿದ್ದದ್ದು. ಅವರು ಹೆಡ್ ಕಾನ್‌ಸ್ಟೇಬಲ್ ತ್ಯಾಂಪಣ್ಣನನ್ನು ಕರೆದು ಎಫ್‌ಐಆರ್ ಬರೆಯಲು ಹೇಳಿದರು.

"ಸಾರ್," ಡಾಕ್ಟರು ಹೋದ ಮೇಲೆ ತ್ಯಾಂಪಣ್ಣ ಹೇಳಿದ, "ಆ ಆಸ್ಪತ್ರೆ ನೋಡಿಯೇ ಹೊಸ ಡಾಕ್ಟ್ರು ಓಡಿ ಹೋಗಿರಬೇಕು."

"ನೋಡಲಿಕ್ಕಾದರೂ ಬರಬೇಕಲ್ಲ ಮಾರಾಯ."

ಪುತ್ತೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಸಿಕ್ಕಿದ್ದು ಸಂಜೆ. ಅದುವರೆಗೆ ಅವನ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತ್ತು. ರೈಗಳ ಅರ್ಧ ದಿನ ಹೀಗೇ ಹಾಳಾಯಿತು.

"ಮಂಗಳವಾರ ಒಬ್ಬ ಹುಡುಗ ಡಾಕ್ಟ್ರು ಬಂದದ್ದುಂಟಾ?"

"ಡಾಕ್ಟ್ರೋ ಎಂತದೋ ಗೊತ್ತಿಲ್ಲ ಸಾರ್. ಒಬ್ಬರು ಪುತ್ತೂರಿನಲ್ಲಿ ಹತ್ತಿ ಕೂತದ್ದೇ ನಿದ್ದೆ. ಪಕ್ಕದವರ ಹೆಗಲಿಗೆ ಬೀಳುದು, ಏಳುದು, ಪುನಃ ಬೀಳುದು. ಕಡಬದಲ್ಲಿ ನಾನೇ ತಟ್ಟಿ ಎಬ್ಬಿಸಿದೆ."

"ಇಳಿದು ಎಲ್ಲಿಗೆ ಹೋದ್ರು?"

"ದೊಡ್ಡ ಕೊಡೆ ಹಿಡಿದ ಪ್ರಾಯ ಆದವರೊಬ್ಬರು ಕಾದು ನಿಂತಿದ್ರು. 'ಬನ್ನಿ ಡಾಕ್ಟ್ರೆ' ಅಂತ ಪೆಟ್ಟಿಗೆ ತೆಗೊಂಡ್ರು. ಆಸ್ಪತ್ರೆಯವರು ಅಂತ ಎಣಿಸಿದೆ. ಕೊಡೆಯ ಅಡಿಯಲ್ಲಿ ಮುಖ ಕಾಣಲಿಲ್ಲ."

ಪಿಲಿಕಜೆ ಆಸ್ಪತ್ರೆಯಿಂದ ಯಾರೂ ಕೊಡೆ ಹಿಡಿದು ಹೋಗಿರಲಿಲ್ಲ. ಅಲ್ಲಿಗೆ ಇದು ನೆಂಟರ ಮನೆಯ ಪ್ರಕರಣ ಅಲ್ಲವೆಂದು ರೈಗಳಿಗೆ ಖಾತ್ರಿಯಾಯಿತು.

ಶುಕ್ರವಾರ ಬೆಳಿಗ್ಗೆ ಅವರು ಆಸ್ಪತ್ರೆಗೆ ಹೋದಾಗ ಜನರ ಸಾಲು ಅಂಗಳ ದಾಟಿ ರಸ್ತೆಗೆ ಬಂದಿತ್ತು. ಕುಮುದಿನಿ ಒಬ್ಬ ಮುದುಕನ ಕಾಲಿನ ಹುಣ್ಣು ತೊಳೆಯುತ್ತಿದ್ದರು. ಕೈಯಿಂದ ಹತ್ತಿಯ ಉಂಡೆ ಎರಡು ಸಲ ಜಾರಿ ಬಿತ್ತು. ರೈಗಳು ಅದನ್ನು ನೋಡಿದ್ದನ್ನು ಅವರೂ ನೋಡಿದರು.

"ನಿದ್ದೆ ಸಾಲುದಿಲ್ಲ," ಎಂದರು. "ಮೊನ್ನೆ ಒಂದು ಮಗುವಿಗೆ ಮದ್ದು ಬರೆಯುವಾಗ ಡೋಸು ತಪ್ಪಿತು. ಕಾಂಪೌಂಡರ್ ಪುನಃ ಕೇಳಿದ ಕಾರಣ ಗೊತ್ತಾಯ್ತು. ಒಂದು ದಿನ ಅವನೂ ಕೇಳದೆ ಇರಬಹುದು. ಊರವರಿಗೆ ನಾನು ದೇವರಂತೆ. ದೇವರಿಗಾದ್ರೆ ರಾತ್ರಿ ಬಾಗಿಲು ಹಾಕ್ತಾರೆ."

ಏನು ಹೇಳಬೇಕೆಂದು ತಿಳಿಯದಾಗ ಪೊಲೀಸರು ಪ್ರಶ್ನೆ ಕೇಳುತ್ತಾರೆ. ರೈಗಳೂ ಕೇಳಿದರು.

"ಬದಲಿಯವರು ಯಾವ ಬಸ್ಸಿಗೆ ಬರ್ತಾರೆ ಅಂತ ಯಾರಿಗೆಲ್ಲ ಗೊತ್ತಿತ್ತು?"

"ಯಾರಿಗೂ ಹೇಳಲಿಲ್ಲ. ಹೇಳಿದ್ರೆ ಪುನಃ ಮನವಿ ಹಿಡ್ಕೊಂಡು ಹೊರಡ್ತಾರೆ ಅಂತ ಹೆದರಿಕೆ." ಅಷ್ಟು ಹೇಳುವಾಗ ಅವರ ಕೈ ನಿಂತಿತು. "ಒಬ್ಬರಿಗೆ ಹೇಳಿದ್ದೆ. ಇಚಿಲಂಪಾಡಿಯ ಕುಕ್ಕಪ್ಪ ಗೌಡರಿಗೆ. ಅವರ ಮಗಳು ಸೀತುವಿಗೆ ದಿನ ತುಂಬಿದೆ. ಹೊಟ್ಟೆಯಲ್ಲಿ ಮಗು ಅಡ್ಡ ಉಂಟು. ಈ ವಾರವೇ ಪುತ್ತೂರಿಗೆ ಕೊಂಡುಹೋಗಿ ಅಲ್ಲೇ ಇರಿಸಿ, ಇಲ್ಲಿ ಆಗುದಲ್ಲ, ಆಪರೇಷನ್ ಬೇಕು ಅಂದೆ. ನಾನು ಹೋಗ್ತೇನೆ, ಮಂಗಳವಾರ ಬೆಳಗ್ಗಿನ ಬಸ್ಸಿಗೆ ಹೊಸಬರು ಬರ್ತಾರೆ, ಎಂತ ಸಂಶಯ ಇದ್ರೂ ಅವರನ್ನು ಕೇಳಿ ಅಂತ ಹೇಳಿದೆ."

ಊರವರ ಪರವಾಗಿ ಮನವಿ ಹಿಡಿದು ಓಡಾಡಿದವರು, ಸನ್ಮಾನದ ದಿನ ಶಾಲು ಹೊದಿಸಿದವರು ಇದೇ ಕುಕ್ಕಪ್ಪ ಗೌಡರು. ಪಂಚಾಯತಿನ ಹಿಂದಿನ ಚೇರ್ಮನ್. ಅವರ ಮನೆ ಹೊಳೆಯ ಆಚೆ ದಡದಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ದೋಣಿಯೊಂದೇ ದಾರಿ.

"ನಾಳೆ ಬೆಳಿಗ್ಗೆಗೆ ಆ ಹುಡುಗನನ್ನು ಇಲ್ಲಿ ತಂದು ನಿಲ್ಲಿಸ್ತೇನೆ," ಎಂದರು ರೈಗಳು. "ನಮ್ಮ ಜೀಪಿನಲ್ಲೇ ನಿಮ್ಮನ್ನು ಘಟ್ಟ ಹತ್ತಿಸ್ತೇನೆ. ನನ್ನ ಮಾತು."

ಹನ್ನೆರಡು ಗಂಟೆಗೆ ಅವರು ಹೊಳೆ ದಾಟುವ ಕಡವಿಗೆ ತಲುಪಿದಾಗ ದೋಣಿ ಈಚೆ ದಡದ ಮೇಲೆ ಕವುಚಿ ಬಿದ್ದಿತ್ತು. ದೋಣಿಯ ಅಲಿ ಕುಂಞಿ ಪಕ್ಕದ ಗುಡಿಸಲಿನಲ್ಲಿ ಬೀಡಿ ಸೇದುತ್ತಿದ್ದ.

"ಆಚೆ ಹೋಗಬೇಕು."

"ದೋಣಿ ತೂತು ಸಾರ್."

"ಎಲ್ಲಿ ತೂತು? ತೋರಿಸು."

ಅಲಿ ಕುಂಞಿ ತಲೆ ತುರಿಸಿಕೊಂಡ. ತ್ಯಾಂಪಣ್ಣ ದೋಣಿಯ ತಳವನ್ನು ತುದಿಯಿಂದ ತುದಿಗೆ ಕೈಯಾಡಿಸಿ ನೋಡಿದ. ಎಣ್ಣೆ ಬಳಿದು ಹೆಚ್ಚು ದಿನವಾಗಿರಲಿಲ್ಲ. ಒಂದು ಬಿರುಕೂ ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಪಂಚರಾಗಿ ಕರೆದು ತೂತಿಲ್ಲದ ದೋಣಿಯ ಪಂಚನಾಮೆ ಬರೆದರು.

"ತೂತು ಅಂತ ಹೇಳಲಿಕ್ಕೆ ಯಾರು ಹೇಳಿದ್ದು?"

"ಗೌಡ್ರು ಸಾರ್. ಮಂಗಳವಾರ ಒಬ್ಬರು ನೆಂಟರನ್ನು ದಾಟಿಸಿಕೊಂಡು ಹೋದ್ರು. ನಾನು ಹೇಳುವವರೆಗೆ ಈಚೆಯೇ ಇರಲಿ, ಯಾರು ಕೂಗಿದ್ರೂ ಬರಬೇಡ ಅಂದ್ರು. ದೊಡ್ಡ ಜನ. ನಾನು ಎಂತ ಹೇಳುದು?"

"ಈಗ ಇಳಿಸು."

ಅಲಿ ಕುಂಞಿ ಹೊಳೆಯ ಕಡೆ ಕೈ ತೋರಿಸಿದ. ಮೇಲೆ ಎಲ್ಲೋ ಜೋರಾಗಿ ಸುರಿದಿರಬೇಕು, ಕೆಂಪು ನೀರು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಇಳಿಯುತ್ತಿತ್ತು. "ಸುಳ್ಳು ಹೇಳಿದ್ದಕ್ಕೆ ಬೇಕಾದ್ರೆ ಒಳಗೆ ಹಾಕಿ ಸಾರ್. ಈ ನೀರಿಗೆ ಮಾತ್ರ ಇಳಿಯುದಿಲ್ಲ."

ಅದು ಸುಳ್ಳಾಗಿರಲಿಲ್ಲ. ಹಿಡಿಯಬೇಕಾದವನ ಮನೆ ಕಣ್ಣಿಗೆ ಕಾಣುತ್ತಿತ್ತು, ಅಡುಗೆಮನೆಯ ಹೊಗೆಯೂ ಕಾಣುತ್ತಿತ್ತು. ರೈಗಳು ಕತ್ತಲಾಗುವವರೆಗೆ ದಡದಲ್ಲಿ ಅತ್ತಿಂದಿತ್ತ ನಡೆದರು. ಹೊಳೆಗೆ, ಗೌಡರಿಗೆ, ಬದಲಿ ಇಲ್ಲದೆ ಕದಲಬಾರದೆಂದು ಕಾನೂನು ಬರೆದವನಿಗೆ, ಎಲ್ಲರಿಗೂ ತುಳುವಿನಲ್ಲಿ ಬೈದರು. ನೀರು ಇಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ನೀರು ಸ್ವಲ್ಪ ತಗ್ಗಿತು. ದೋಣಿ ನಡುಹೊಳೆ ದಾಟಿದಾಗ ಆಚೆ ದಡದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತ ಮನುಷ್ಯನೊಬ್ಬ ಎರಡೂ ಕೈ ಎತ್ತಿ ಬೀಸುತ್ತಿರುವುದು ಕಂಡಿತು. ಕುಕ್ಕಪ್ಪ ಗೌಡರು. ಆರೋಪಿ ಪೊಲೀಸರನ್ನು ಹೀಗೆ ಕೈಬೀಸಿ ಕರೆಯುವುದನ್ನು ರೈಗಳು ಮೊದಲ ಬಾರಿ ನೋಡಿದರು.

"ಬೇಗ ಬನ್ನಿ ಮಾರಾಯ್ರೆ," ಗೌಡರ ಸ್ವರ ಕೂಗಿ ಕೂಗಿ ಒಡೆದಿತ್ತು. "ಸೀತುವಿಗೆ ಬೆಳಗಿನ ಜಾವದಿಂದ ನೋವು. ಆಗಿನಿಂದ ಕೂಗ್ತಾ ಇದ್ದೇನೆ. ಯಾರಿಗೂ ಕೇಳುದಿಲ್ಲ."

"ಯಾರು ಕೂಗಿದ್ರೂ ಬರಬೇಡ ಅಂದದ್ದು ನೀವೇ ಅಲ್ವಾ ಗೌಡ್ರೆ?"

ಗೌಡರು ದೋಣಿಯ ಮೂತಿ ಹಿಡಿದು ದಡಕ್ಕೆ ಎಳೆದರು.

ಹಿಂದಿನಿಂದ ಬೆತ್ತದ ಕುರ್ಚಿಯಲ್ಲಿ ಸೀತುವನ್ನು ಕೂರಿಸಿ ಆಳುಗಳು ಹೊತ್ತು ತಂದರು. ಅವಳ ಕೈ ಹಿಡಿದು, ಮೊಣಕಾಲವರೆಗೆ ಪ್ಯಾಂಟು ಮಡಚಿ ಬರುತ್ತಿದ್ದ ತೆಳ್ಳನೆಯ ಹುಡುಗನೇ ಡಾಕ್ಟರ್ ಉದಯಶಂಕರ. ದೋಣಿಯಲ್ಲಿ ರೈಗಳು ಅವನನ್ನು ವಿಚಾರಿಸಿದರು.

"ನಿಮ್ಮನ್ನು ಕೂಡಿ ಹಾಕಿದ್ರಾ?"

"ಇಲ್ಲ ಸಾರ್. ಆಸ್ಪತ್ರೆಯವರೇ ಅಂತ ಎಣಿಸಿ ಇವರ ಒಟ್ಟಿಗೆ ಬಂದೆ. ಊಟ ಹಾಕಿದ್ರು. ಮಲಗಿ ಅಂದ್ರು, ಮಲಗಿದೆ. ಎದ್ದಾಗ ಮರುದಿನ ಮಧ್ಯಾಹ್ನ."

"ಡ್ಯೂಟಿಯ ನೆನಪಾಗಲಿಲ್ವಾ?"

"ಆಯ್ತು. ಹೋಗ್ತೇನೆ ಅಂದೆ. ದೋಣಿ ತೂತು ಅಂದ್ರು." ಹುಡುಗ ತಲೆ ತಗ್ಗಿಸಿದ. "ಸುಳ್ಳು ಹೇಳುದಿಲ್ಲ ಸಾರ್. ನನಗೆ ಸಂತೋಷ ಆಯ್ತು. ಹೌಸ್ ಸರ್ಜನ್ ಆಗಿದ್ದ ಒಂದು ವರ್ಷ ನಾನು ನಿಂತಲ್ಲೇ ನಿದ್ದೆ ಮಾಡಿದ್ದೇನೆ. ವಾರ್ಡಿನಲ್ಲಿ ಯಾರ ಹೆಸರು ಕರೆದ್ರೂ ಎದೆ ಡವಡವ. ನನ್ನ ಜೊತೆಯವನೊಬ್ಬ ಓದು ಬಿಟ್ಟೇ ಹೋದ. ಇಲ್ಲಿ ಯಾರೂ ಎಬ್ಬಿಸಲಿಲ್ಲ. ಆದ್ರೆ ಅಲ್ಲಿ ಮೇಡಂ ಕಾಯ್ತಾ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ."

ಹಿಡಿದಿಟ್ಟವನಿಗೆ ಅಳುಕಿಲ್ಲ, ಹಿಡಿಸಿಕೊಂಡವನಿಗೆ ದೂರಿಲ್ಲ. ಇಂಥ ಕೇಸನ್ನು ಯಾವ ಕೋರ್ಟಿಗೆ ಹಾಕುವುದು ಎಂದು ರೈಗಳ ತಲೆ ಬಿಸಿಯಾಯಿತು. ಆದರೆ ಹೋಗುತ್ತೇನೆ ಎಂದವನಿಗೆ ಸುಳ್ಳು ಹೇಳಿ ದಾರಿ ತಪ್ಪಿಸಿದ್ದು ಅಕ್ರಮ ಬಂಧನವೇ. ಅಷ್ಟು ಸಾಕು ಎಂದುಕೊಂಡರು.

ಜೀಪು ಪಿಲಿಕಜೆಗೆ ತಲುಪಿದಾಗ ಹತ್ತು ಗಂಟೆ. ಕುಮುದಿನಿ ಆಸ್ಪತ್ರೆಯ ಜಗಲಿಯಲ್ಲಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ನಿಂತಿದ್ದರು. ಉದಯಶಂಕರನನ್ನು ಕಂಡು ಅವರ ಮುಖ ಅರಳಿತು. ರೈಗಳು ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಇಬ್ಬರೂ ಸಹಿ ಹಾಕಿದರು. ಚಾರ್ಜ್ ಕೊಟ್ಟಾಯಿತು. ಈಗ ಹೊರಟರೂ ಐದರೊಳಗೆ ಕಾಲೇಜು ಸೇರಬಹುದಿತ್ತು.

ಆಗ ಜೀಪಿನ ಒಳಗಿಂದ ಸೀತು ನರಳಿದಳು.

ಕುಮುದಿನಿ ಹಿಂದೆ ಬಂದು ನೋಡಿದರು. ಹೊಟ್ಟೆಯ ಮೇಲೆ ಕೈಯಿಟ್ಟರು.

"ಇನ್ನೂ ಅಡ್ಡವೇ ಉಂಟು. ನಾನು ಹೇಳಿದ ದಿನವೇ ಯಾಕೆ ಕೊಂಡುಹೋಗಲಿಲ್ಲ?"

ಮಗಳ ಕಾಲ ಬಳಿ ಕೂತಿದ್ದ ಗೌಡರು ಜೀಪಿನಿಂದ ಇಳಿದು ಪಕ್ಕಕ್ಕೆ ಸರಿದರು. ಆ ಹೊತ್ತಿನಲ್ಲಿ ಪಿಲಿಕಜೆಯಲ್ಲಿ ಇದ್ದದ್ದು ಒಂದೇ ವಾಹನ. ಅದು ಘಟ್ಟ ಹತ್ತಬೇಕು, ಇಲ್ಲವೇ ಪುತ್ತೂರಿಗೆ ಇಳಿಯಬೇಕು. ಘಟ್ಟ ಹತ್ತಿಸುತ್ತೇನೆಂದು ರೈಗಳು ನಿನ್ನೆಯಷ್ಟೇ ಮಾತು ಕೊಟ್ಟಿದ್ದರು.

"ಡಾಕ್ಟ್ರೆ, ನಾನು..."

"ಗೊತ್ತುಂಟು. ಪುತ್ತೂರಿಗೆ ಬಿಡಲಿಕ್ಕೆ ಹೇಳಿ." ಅವರು ಕೈಗಡಿಯಾರ ಒಮ್ಮೆ ನೋಡಿ ಸೀತುವಿನ ಪಕ್ಕ ಹತ್ತಿ ಕೂತರು. "ದಾರಿಯಲ್ಲಿ ಇವಳ ಜೊತೆ ಒಬ್ಬರು ಬೇಕು. ಉದಯಶಂಕರ, ಹೊರಗೆ ಜನ ಕಾಯ್ತಾ ಇದ್ದಾರೆ. ನೀನು ಒಳಗೆ ಹೋಗು."

ಪೆಟ್ಟಿಗೆ ಜಗಲಿಯಲ್ಲೇ ಉಳಿಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಮಧ್ಯಾಹ್ನ ಆಪರೇಷನ್ ಆಯಿತು. ಗಂಡು ಮಗು, ತಾಯಿಯೂ ಕ್ಷೇಮ. ಎರಡು ಗಂಟೆಗೆ ವರಾಂಡದಲ್ಲಿ ರೈಗಳು ಕುಕ್ಕಪ್ಪ ಗೌಡರಿಗೆ, ಭಾರತ ದಂಡ ಸಂಹಿತೆಯ 342ನೇ ಕಲಂ ಪ್ರಕಾರ ನಿಮ್ಮನ್ನು ದಸ್ತಗಿರಿ ಮಾಡಿದ್ದೇನೆ ಎಂದರು. ಗೌಡರು ತಲೆಯಾಡಿಸಿದರು. ಅವರ ಕಣ್ಣು ಬೆಂಚಿನ ತುದಿಯಲ್ಲಿ ಕೂತಿದ್ದ ಕುಮುದಿನಿಯ ಮೇಲಿತ್ತು.

"ದೊಡ್ಡ ಮಗಳು ಅಮ್ಮು ಇದೇ ಪುತ್ತೂರಿಗೆ ಬರುವ ದಾರಿಯಲ್ಲಿ ಹೋದದ್ದು," ಎಂದರು. "ಆ ವರ್ಷ ಪಿಲಿಕಜೆಯಲ್ಲಿ ಡಾಕ್ಟ್ರೇ ಇರಲಿಲ್ಲ. ಬಾಗಿಲಿಗೆ ಬೀಗ. ಕಾರಿನಲ್ಲಿ ಅವಳ ತಲೆ ನನ್ನ ತೊಡೆ ಮೇಲಿತ್ತು. ನೀವು ಬಂದ ಮೇಲೆ ನಮ್ಮ ಊರಿನಲ್ಲಿ ಒಂದು ಬಾಣಂತಿಯೂ ಸಾಯಲಿಲ್ಲ. ಸೀತುವಿನದ್ದು ಮುಗಿಯುವವರೆಗೆ ಒಂದು ವಾರ ನೀವು ಇರಲಿ ಅಂತ ಮಾಡಿದೆ. ಪುತ್ತೂರು ಅಂದ್ರೆ ನನಗೆ ಹೆದರಿಕೆ. ಈ ಆಪರೇಷನ್ ಅಲ್ಲೇ ನೀವೇ ಮಾಡಬಹುದಿತ್ತಲ್ಲ ಡಾಕ್ಟ್ರಮ್ಮ?"

ಕುಮುದಿನಿ ಗೌಡರ ಕಡೆಗೆ ತಿರುಗಿದರು.

"ನನಗೆ ಬರುದಿಲ್ಲ ಕುಕ್ಕಪ್ಪಣ್ಣ. ಅದನ್ನು ಕಲಿಯಲಿಕ್ಕೇ ನಾನು ಮೂರು ವರ್ಷದಿಂದ ಹೊರಟದ್ದು."

ಗೌಡರು ಹೆಗಲಿನ ಬೈರಾಸು ಬಟ್ಟೆಯಿಂದ ಮುಖ ಮುಚ್ಚಿಕೊಂಡರು. ಅವರ ಮೇಲೆ ಸಿಟ್ಟು ಮಾಡಬೇಕೋ ಅವರೊಂದಿಗೆ ಅಳಬೇಕೋ ರೈಗಳಿಗೆ ಗೊತ್ತಾಗಲಿಲ್ಲ. ಕಂಪ್ಲೇಂಟ್ ಹಿಂದೆ ತೆಗೆಯುತ್ತೀರಾ ಎಂದು ಮೆಲ್ಲನೆ ಕೇಳಿದ್ದಕ್ಕೆ ಕುಮುದಿನಿ ಇಲ್ಲ ಎಂದರು. ಇಷ್ಟು ವರ್ಷ ಎಲ್ಲವನ್ನೂ ಹಿಂದೆ ತೆಗೊಂಡೇ ಬಂದೆ, ಇದೊಂದು ಇರಲಿ ಎಂದರು. ಗೋಡೆಯ ಗಡಿಯಾರ ಐದು ಹೊಡೆಯುವಾಗಲೂ ಅವರು ಅದೇ ಬೆಂಚಿನಲ್ಲಿ ಕೂತಿದ್ದರು.

ಸೋಮವಾರ ಬೆಳಿಗ್ಗೆ ಪಿಲಿಕಜೆಯ ಐದಾರು ಮಂದಿ ಪ್ರಮುಖರು ಠಾಣೆಗೆ ಬಂದರು. ಗೌಡರ ಜಾಮೀನಿನ ವಿಷಯ ಮಾತಾಡಿ ಮುಗಿಸಿ, ಮುಂದೆ ಕೂತಿದ್ದ ಬೋಜಪ್ಪ ಎಂಬವರು ಒಂದು ಕಾಗದ ಬಿಡಿಸಿ ಮೇಜಿನ ಮೇಲಿಟ್ಟರು.

"ಹೊಸ ಡಾಕ್ಟ್ರು ಭಾರಿ ಒಳ್ಳೆ ಜನ ಸಾರ್. ನಿನ್ನೆ ಆದಿತ್ಯವಾರವೂ ರಾತ್ರಿವರೆಗೆ ಜನ ನೋಡಿದ್ರು. ಅವರನ್ನು ಐದು ವರ್ಷ ಇಲ್ಲಿಂದ ಕದಲಿಸಬಾರದು ಅಂತ ಮನವಿ. ನಿಮ್ಮದೂ ಒಂದು ಸೈನ್ ಇದ್ರೆ ತೂಕ."

ರೈಗಳು ಪೆನ್ನು ಮುಟ್ಟಲಿಲ್ಲ.

"ಡಾಕ್ಟ್ರಮ್ಮ ಎಲ್ಲಿದ್ದಾರೆ?"

"ಅವರು ಬೆಳಗ್ಗಿನ ಬಸ್ಸಿಗೆ ಪೆಟ್ಟಿಗೆ ಹಿಡ್ಕೊಂಡು ಹೋದ್ರಂತೆ."

"ಎಲ್ಲಿಗೆ?"

ಬೋಜಪ್ಪ ಹಿಂದೆ ತಿರುಗಿ ಉಳಿದವರ ಮುಖ ನೋಡಿದರು. ಅವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರೂ ಕೇಳಲಿಲ್ಲ ಸಾರ್," ಎಂದರು.