ಶೆಟ್ಟೆಪ್ಪನ ಬಿಲ್ಲೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ವಿಕ್ರೋಳಿಯ ಗುಜರಿ ಅಂಗಡಿಯವನೊಬ್ಬ ಸಿಪಾಯಿಗಳ ಕೊರಳಿನ ಗುರುತಿನ ಬಿಲ್ಲೆಗಳನ್ನು ಫ್ಯಾಶನ್ ಸರವೆಂದು ಮಾರುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಅವನಿಗೆ ಬಾಯಿಗೆ ಬಂದಂತೆ ಬೈದು, ಇದ್ದಷ್ಟನ್ನೂ ಕಿತ್ತುಕೊಂಡು ಬಂದೆ.

ಉಳಿದವೆಲ್ಲ ತಣ್ಣಗಿದ್ದವು. ಒಂದು ಮಾತ್ರ ಈಗಷ್ಟೇ ಕೊರಳಿನಿಂದ ತೆಗೆದಂತೆ ಬೆಚ್ಚಗಿತ್ತು. ಡಬ್ಬಿಯಲ್ಲಿಟ್ಟರೂ ಆರಲಿಲ್ಲ. ಅದರ ದಾರ ದಿನಾ ಬೆವರಿನಿಂದ ಒದ್ದೆಯಾಗಿರುತ್ತಿತ್ತು.

ಅದರ ಮೇಲಿನ ನಂಬರು ಹಿಡಿದು ವಿಚಾರಿಸಿದೆ. ಐವತ್ತು ವರ್ಷದ ಹಿಂದೆ ಗಡಿಯಲ್ಲಿ ಕಾಣೆಯಾದ ವಿಜಯಪುರ ಕಡೆಯ ಶೆಟ್ಟೆಪ್ಪನದು. ಹೆಂಡತಿ ನಾಗವ್ವ ಈಗ ಕಾಂದಿವಲಿಯ ಚಾಳಿನಲ್ಲಿದ್ದಾಳೆ. ಸತ್ತವನ ಗುರುತಲ್ಲವೇ ಎಂದು ಬಿಲ್ಲೆಗೆ ವಿಭೂತಿ ಹಚ್ಚಿ, ಹಾರ ಸುತ್ತಿ, ಮಟಮಟ ಮಧ್ಯಾಹ್ನ ಒಯ್ದೆ.

ಬಾಗಿಲು ತೆರೆದ ಮುದುಕಿಯ ಹಣೆಯಲ್ಲಿ ಅಗಲ ಕುಂಕುಮ, ಕೈತುಂಬ ಹಸಿರು ಬಳೆ.

"ಹಾರ ಯಾರಿಗಿ ತಂದಿಯೋ? ನಮ್ಮ ಮನಿಯವರು ಸತ್ತಾರಂತ ನಿನಗ್ಯಾರ ಹೇಳಿದ್ರು?" ಎಂದವಳೇ ಹಾರ ಕಿತ್ತೆಸೆದಳು. ವಿಭೂತಿಯನ್ನು ಸೆರಗಿನಿಂದ ಒರೆಸುತ್ತಿದ್ದ ಕೈ ತಟ್ಟನೆ ನಿಂತಿತು.

"ಬೆಚ್ಚಗೈತಿ! ಇದನ್ನ ಅವರ ಕೊಳ್ಳಾಗಿಂದ ಯಾರು ಬಿಚ್ಚಿದ್ರು? ಎಲ್ಲಿ ಸಿಕ್ಕಿತ್ತೋ ಅಲ್ಲೇ ಇಟ್ಟ ಬಾ. ಹುಡುಕ್ಯಾಡ್ತಿರ್ತಾರ."

ಬಿಲ್ಲೆಯನ್ನು ನನ್ನ ಕೈಗೆ ತುರುಕಿ, ಹೊರಗೆ ದಬ್ಬಿ, ಬಾಗಿಲು ಹಾಕಿದಳು. ಆ ಗುಜರಿಯವನಿಗೆ ಮತ್ತೆ ಕೊಡುವುದೇ? ನನ್ನ ಸಿಟ್ಟು ಬಿಡಲಿಲ್ಲ. ಡಬ್ಬಿಯಲ್ಲೇ ಇಟ್ಟೆ.

ಇವತ್ತು ಬೆಳಿಗ್ಗೆ ತೆರೆದು ನೋಡಿದರೆ ದಾರ ಒಣಗಿದೆ. ಬಿಲ್ಲೆ ಉಳಿದವುಗಳಂತೆಯೇ ತಣ್ಣಗಿದೆ.

ನಾಗವ್ವನಿಗೆ ನಾನಿನ್ನೂ ಹೇಳಿಲ್ಲ.